ಕಿವಿಗುರುತಿನ ಆಟವನ್ನು ತೆಗೆದವಳು

ನನ್ನ ಕೆಲಸ ಏನೆಂದು ಹಟ್ಟಿಯಲ್ಲಿ ಯಾರಾದರೂ ಕೇಳಿದರೆ ಅಪ್ಪ ‘ದುರ್ಗದಾಗೆ ಕಂಪ್ಯೂಟರ್ ಆಫೀಸು’ ಎಂದಷ್ಟೇ ಹೇಳುತ್ತಾನೆ. ಅದಕ್ಕಿಂತ ಹೆಚ್ಚಿನದು ಅವನಿಗೂ ಬೇಕಿಲ್ಲ, ಕೇಳಿದವರಿಗೂ ಬೇಕಿಲ್ಲ. ಬಿಡಿಸಿ ಹೇಳಿದರೆ ಇಷ್ಟು. ಮೊಬೈಲಿಗೆ ಆಟಗಳು ಸಿಗುವ ಅಂಗಡಿಯೊಂದಿದೆ. ಅದರ ಯಜಮಾನರು ಯಾವ ದೇಶದಲ್ಲಿದ್ದಾರೋ ನಾನು ನೋಡಿದವಳಲ್ಲ. ಆ ಅಂಗಡಿಯಲ್ಲಿ ಯಾವ ಆಟ ಇರಬಹುದು, ಯಾವುದು ಇರಕೂಡದು ಎಂಬುದಕ್ಕೆ ನಿಯಮಗಳ ದೊಡ್ಡ ಪಟ್ಟಿ ಇದೆ. ಆ ಪಟ್ಟಿ ಹಿಡಿದು ಒಂದೊಂದೇ ಆಟವನ್ನು ಆಡಿ ನೋಡಿ, ಇರಲಿ ಅಥವಾ ಬೇಡ ಎಂದು ಬರೆಯುವ ಕೆಲಸವನ್ನು ಗುತ್ತಿಗೆ ಹಿಡಿದ ಕಚೇರಿಯೊಂದು ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದೆ. ಕೆಳಗೆ ಟೈಲ್ಸ್ ಅಂಗಡಿ. ಟೈಲ್ಸ್ ಕುಯ್ಯುವ ಸದ್ದು ಶುರುವಾದರೆ ನಾವು ಕಿಟಕಿ ಹಾಕಿಕೊಳ್ಳುತ್ತೇವೆ.

ನಾನು ರಾಮಗಿರಿ ಹತ್ತಿರದ ಕುರುಬರ ಹಟ್ಟಿಯವಳು. ನಮ್ಮ ಮನೆಯಲ್ಲಿ, ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ, ನನಗಿಂತ ಮುಂಚೆ ಡಿಗ್ರಿ ಮುಗಿಸಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಇಂಗ್ಲಿಷ್ ನಿಯಮಗಳನ್ನು ನಿಘಂಟು ಇಟ್ಟುಕೊಂಡು ಓದಿ, ಪ್ರತಿಯೊಂದನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡಿದ್ದೆ. ಜೊತೆಯವರು ನಗುತ್ತಿದ್ದರು. ಆರು ತಿಂಗಳಾದ ಮೇಲೆ ಅನುಮಾನ ಬಂದಾಗೆಲ್ಲ ಅವರೇ ನನ್ನ ಮೇಜಿನ ಹತ್ತಿರ ಬರತೊಡಗಿದರು.

ನನ್ನ ಪಾಲಿಗೆ ಬಂದದ್ದು ಬ್ಲಾಕ್‌ಚೈನ್ ಆಟಗಳು. ಒಂದೇ ದಾಖಲೆಯ ಪ್ರತಿ ಹಲವಾರು ಕಂಪ್ಯೂಟರ್‌ಗಳಲ್ಲಿ ಇರುವುದು, ಒಬ್ಬರು ಗುಟ್ಟಾಗಿ ತಿದ್ದಿದರೆ ಉಳಿದ ಪ್ರತಿಗಳು ಅದನ್ನು ಒಪ್ಪದಿರುವುದು, ಇಷ್ಟೇ ಅದರ ತಿರುಳು. ಆದರೆ ಅದನ್ನು ಆಟಕ್ಕೆ ಕಟ್ಟಿದವರಲ್ಲಿ ಹೆಚ್ಚಿನವರು ಮೋಸಗಾರರು. ಇಲ್ಲದ ಕೋಳಿ, ಇಲ್ಲದ ಕತ್ತಿ, ಇಲ್ಲದ ಸೈಟು ತೋರಿಸಿ ‘ಇದು ನಿಮ್ಮದೇ, ನಾಳೆ ಹತ್ತು ಪಟ್ಟು ಬೆಲೆ’ ಎಂದು ಜನರನ್ನು ಎಳೆಯುತ್ತಿದ್ದರು. ಅದಕ್ಕೆ ನಮ್ಮ ಅಂಗಡಿಯ ನಿಯಮ ಸೀದಾ ಇತ್ತು: ಆಟದೊಳಗಿನ ವಸ್ತುವನ್ನು ಬ್ಲಾಕ್‌ಚೈನಿನಲ್ಲಿ ದಾಖಲಿಸಿ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಂತಿದ್ದರೆ ಆ ಆಟ ಅಂಗಡಿಯಲ್ಲಿ ಇರಕೂಡದು. ನಾನು ಎಷ್ಟು ಆಟಗಳನ್ನು ತೆಗೆದುಹಾಕಿದೆನೋ ನೆನಪಿಲ್ಲ. ಒಂದಕ್ಕೂ ನಾನು ಮರುಗಿದವಳಲ್ಲ. ಈಗಲೂ ಆ ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ.

ನನ್ನ ಗೆಳತಿ ಹೊಸದುರ್ಗದವಳು, ಅಂಗಡಿಯವರ ಮನೆಯ ಮಗಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ದುರ್ಗದ ಹಾಸ್ಟೆಲಿನಲ್ಲಿ ಮೂರು ವರ್ಷ ನಾವು ಒಂದೇ ರೂಮಿನಲ್ಲಿದ್ದೆವು. ಎರಡನೇ ವರ್ಷದ ರಜೆಯಲ್ಲಿ ಅವಳು ನಮ್ಮ ಹಟ್ಟಿಗೆ ಬಂದು ನಾಲ್ಕು ದಿನ ಇದ್ದಳು. ನಮ್ಮ ಮನೆಯಲ್ಲಿ ಅವಳು ಊಟ ಮಾಡುತ್ತಾಳೋ ಇಲ್ಲವೋ ಎಂದು ಅವ್ವ ಹೆದರಿದ್ದಳು. ಅವಳು ರೊಪ್ಪದಲ್ಲಿ ಕುರಿಗಳ ನಡುವೆಯೇ ಕೂತು ಮುದ್ದೆ ಉಂಡಳು.

ಆ ನಾಲ್ಕು ದಿನದಲ್ಲಿ ಅವಳ ಕಣ್ಣು ಬಿದ್ದದ್ದು ಕುರಿಗಳ ಕಿವಿಯ ಮೇಲೆ. ನಮ್ಮಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಿವಿಗುರುತು. ಮರಿಯಾಗಿರುವಾಗಲೇ ಕಿವಿಯನ್ನು ಸೀಳುತ್ತಾರೆ ಅಥವಾ ಅಂಚಿಗೆ ಕಚ್ಚು ಹಾಕುತ್ತಾರೆ. ನಮ್ಮ ಮನೆಯದು ಬಲಗಿವಿಯ ತುದಿಯಲ್ಲಿ ಸೀಳು, ಎಡಗಿವಿಯ ಕೆಳಗಿನ ಅಂಚಿನಲ್ಲಿ ಅರ್ಧಚಂದ್ರದ ಕಚ್ಚು. ಮೇಯುವಾಗ ಎರಡು ಮಂದೆ ಕೂಡಿಕೊಂಡರೆ ಕಿವಿ ನೋಡಿ ಬೇರೆ ಮಾಡುತ್ತಾರೆ. ಇಂಥ ಗುರುತು ಇಂಥವರದು ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು ಅಷ್ಟೇ. ಎಲ್ಲರಿಗೂ ಗೊತ್ತಿರುವುದರಿಂದ ಒಬ್ಬರು ಅದನ್ನು ಬದಲಾಯಿಸಲು ಆಗುವುದಿಲ್ಲ. ಅವಳು ಅಪ್ಪನ ಬೆನ್ನು ಹತ್ತಿ ಅಕ್ಕಪಕ್ಕದ ಹಟ್ಟಿಗಳ ಗುರುತುಗಳನ್ನೆಲ್ಲ ಹೇಳಿಸಿಕೊಂಡು ಚಿತ್ರ ಬರೆದುಕೊಂಡಳು.

ಅವಳು ಮದುವೆಯಾಗಿ ಹಿರಿಯೂರಿಗೆ ಹೋದಳು. ಕಂಪ್ಯೂಟರ್ ಓದಿದ್ದು ಕೈಯಲ್ಲೇ ಇತ್ತು. ಮನೆಗೆಲಸ ಮುಗಿಸಿ, ಲ್ಯಾಪ್‌ಟಾಪ್ ತೆರೆದು, ಮೂರು ವರ್ಷ ಒಂದೇ ಆಟ ಕಟ್ಟಿದಳು. ಆಟ ಹೀಗೆ: ನಿಮ್ಮ ಮನೆತನದ ಕಿವಿಗುರುತನ್ನು ಕೊಟ್ಟು ನೀವು ಒಂದು ಹೆಣ್ಣುಮರಿಯಿಂದ ಶುರು ಮಾಡುತ್ತೀರಿ. ಮೇಯಿಸಬೇಕು, ನೀರು ಹುಡುಕಬೇಕು, ತೋಳದಿಂದ ಕಾಯಬೇಕು. ಮಂದೆ ಬೆಳೆಯುತ್ತದೆ. ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬೇಕಾದವರಿಗೆ ಒಂದು ಮರಿಯನ್ನು ಬಳುವಳಿಯಾಗಿ ಕೊಡಬಹುದು, ಅಷ್ಟೇ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ, ಮನಸ್ಸಿಗೆ ಹತ್ತಿರದವರಿಗೆ ಹಾಗೆ ಮರಿ ಕೊಡುವುದಿದೆ. ಮರಿ ದಾಟಿದರೂ ಅದರ ಕಿವಿಯ ಮೇಲೆ ಹಳೆಯ ಮನೆಯ ಗುರುತು ಉಳಿದೇ ಇರುತ್ತದೆ.

ಗುರುತುಗಳನ್ನು ಕೂಡಿಸಲು ಅವಳು ಸ್ಕೂಟಿ ಹತ್ತಿ ಹಟ್ಟಿಯಿಂದ ಹಟ್ಟಿಗೆ ತಿರುಗಿದಳು. ಮಾಡದಕೆರೆ ಕಡೆ, ಬಿ.ದುರ್ಗದ ಕಡೆ, ಹಿರಿಯೂರಿನ ಸುತ್ತ. ಮೊದಮೊದಲು ಎಲ್ಲರಿಗೂ ತಮಾಷೆ. ಫೋನಿನಲ್ಲಿ ಕುರಿ ಸಾಕಿದರೆ ಹಿಕ್ಕೆ ಯಾರು ಬಳಿಯುತ್ತಾರೆ ಎಂದು ಹೆಂಗಸರು ನಕ್ಕರಂತೆ. ಆದರೆ ಗುರುತು ಕೊಡುವ ಮಾತು ಬಂದಾಗ ಯಾರೂ ನಗಲಿಲ್ಲ. ಮಾಡದಕೆರೆ ಕಡೆಯ ಒಬ್ಬ ಹಿರಿಯಜ್ಜ ಕೈ ಅಡ್ಡ ಇಟ್ಟುಬಿಟ್ಟನಂತೆ. ಅವಳು ಅದನ್ನು ನನಗೆ ಅವನ ದನಿಯಲ್ಲೇ ಹೇಳಿದ್ದಳು:

“ನೀನು ಅಂಗಡಿಯೋರ ಮಗಳು ಕಣಮ್ಮ. ಅಂಗಡಿ ಪುಸ್ತಕ ಅಂಗಡಿಯೋರ ಕೈಯಾಗೇ ಇರ್ತೈತೆ. ನಾಳಿಕ್ಕೆ ನಮ್ ಗುರ್ತು ಅಳಿಸಿ ಇನ್ನೊಬ್ರುದು ಬರಕಂಡ್ರೆ ನಾವು ಯಾರ್ನ ಕೇಳಾಣ?”

ಅವಳು ಬ್ಲಾಕ್‌ಚೈನ್ ಹಾಕಿದ್ದು ಆ ಮಾತಿಗೆ. ಯಾರ ಗುರುತನ್ನೂ ತಾನು ಕೂಡ ಮುಟ್ಟಲಾಗದಂತೆ ಮಾಡಿ, ಅಜ್ಜನೆದುರು ಕೂತು ತಿದ್ದಲು ಹೋಗಿ ತೋರಿಸಿದಳು. ಆಗಲಿಲ್ಲ. ಅಜ್ಜ ತನ್ನ ಗುರುತು ಕೊಟ್ಟ. ಅವನು ಕೊಟ್ಟ ಎಂದು ತಿಳಿದ ಮೇಲೆ ಉಳಿದ ಹಟ್ಟಿಗಳೂ ಕೊಟ್ಟವು. ಮಂದೆ ಮಾರಿ ಗಾರೆ ಕೆಲಸಕ್ಕೋ ಲಾರಿ ಓಡಿಸಲಿಕ್ಕೋ ಹೋದವರೂ ಫೋನ್ ಮಾಡಿ, ತಮ್ಮ ಮನೆಯ ಗುರುತನ್ನು ಬಾಯಲ್ಲೇ ಹೇಳಿ ಬರೆಸಿದರು. ಆಟ ನಮ್ಮ ಅಂಗಡಿಗೆ ಬಂತು. ಒಳಗೆ ಬಿಡುವಾಗ ಅದರ ಹಿಂದೆ ಯಾವ ತಂತ್ರಜ್ಞಾನ ಇದೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಆಡುವವರು ಹೆಚ್ಚಿಲ್ಲ. ಆದರೆ ಆ ಗುರುತುಗಳೆಲ್ಲ ಒಂದು ಕಡೆ ಸೇರಿ ಕಣ್ಣಿಗೆ ಕಾಣುತ್ತಿದ್ದ ಜಾಗ ಅದೊಂದೇ. ಮಾಡಿದವರ ಹೆಸರಿನ ಜಾಗದಲ್ಲಿ ಅವಳ ಹೆಸರಿತ್ತು. ಅವಳ ಮಾವನವರು ಅದನ್ನು ತಮ್ಮ ಅಂಗಡಿಗೆ ಬಂದ ಗಿರಾಕಿಗಳಿಗೆ ತೋರಿಸುತ್ತಿದ್ದರು.

ಎಂಟು ತಿಂಗಳು ಹೀಗೇ ನಡೆಯಿತು. ಆಮೇಲೆ ಆಟದ ಅಂಗಡಿಯವರು ಎಲ್ಲ ಆಟ ಮಾಡಿದವರಿಗೂ ಹೊಸದೊಂದು ನಮೂನೆ ಕಳಿಸಿದರು. ಅದರ ಕೊನೆಯಲ್ಲಿ ಒಂದು ಕಾಲಂ ಇತ್ತು: ಆಟದಲ್ಲಿ ಬಳಸಿದ ಮುಖ್ಯ ತಂತ್ರಜ್ಞಾನವನ್ನು, ಇಚ್ಛೆಯಿದ್ದರೆ, ವಿವರಿಸಿ. ಅವಳು ನನಗೆ ಫೋನ್ ಮಾಡಿದಳು. ನಾನು ಇಂಥದೇ ಕಚೇರಿಯಲ್ಲಿದ್ದೇನೆಂದು ಅವಳಿಗೆ ಗೊತ್ತಿತ್ತು. ಯಾವ ಅಂಗಡಿಯ ಕೆಲಸ ಎಂಬುದನ್ನು ಹೊರಗೆ ಹೇಳಕೂಡದೆಂದು ಕಚೇರಿಯವರೆಲ್ಲ ಸಹಿ ಹಾಕಿದ್ದೆವು, ಅವಳಿಗೂ ಹೇಳಿರಲಿಲ್ಲ. ಖಾಲಿ ಬಿಡಲೋ ತುಂಬಲೋ ಎಂದು ಕೇಳಿದಳು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಹತ್ತನೇ ತರಗತಿ ಮುಗಿಸಿ ಹಾಸ್ಟೆಲಿಗೆ ಅರ್ಜಿ ಹಾಕಿದಾಗ, ಓದು ಬಾರದ ಅಪ್ಪ ಯಾರದೋ ಕೈಯಲ್ಲಿ ಅದನ್ನು ತುಂಬಿಸಿದ್ದ. ‘ತಂದೆಯ ಉದ್ಯೋಗ’ ಎಂಬ ಜಾಗ ಖಾಲಿ ಉಳಿದಿತ್ತು. ಕುರಿ ಕಾಯುವುದನ್ನು ಉದ್ಯೋಗ ಅಂತ ಬರೆಯೋದಾ ಎಂದು ತುಂಬಿದವನು ಬಿಟ್ಟಿದ್ದ. ಆ ಖಾಲಿ ಜಾಗಕ್ಕಾಗಿ ಅರ್ಜಿ ತಿರಸ್ಕಾರವಾಗಿ, ಒಂದು ವರ್ಷ ನಾನು ಮನೆಯಲ್ಲಿ ಕೂತೆ. ಮರುವರ್ಷ ಅರ್ಜಿಯನ್ನು ನಾನೇ ತುಂಬಿದೆ. ಅಂದಿನಿಂದ ನನ್ನ ಕೈಗೆ ಬಂದ ಯಾವ ನಮೂನೆಯಲ್ಲೂ ಖಾಲಿ ಜಾಗ ಉಳಿದಿಲ್ಲ. ನಮ್ಮಂಥವರು ಒಂದು ಗೆರೆ ಬಿಟ್ಟರೂ ಅದನ್ನೇ ನೆಪ ಮಾಡುತ್ತಾರೆ ಎಂಬುದು ನನ್ನ ಎಲುಬಿಗೆ ಇಳಿದ ಮಾತು. ಬೇಕಾದರೆ ಮಾತ್ರ ತುಂಬಿ ಎಂದು ಬರೆದಿದ್ದರೂ ನನಗದು ತುಂಬಲೇಬೇಕು ಎಂದೇ ಓದಿಸಿಕೊಳ್ಳುತ್ತದೆ.

“ಒಂದೂ ಖಾಲಿ ಬಿಡಬೇಡ ಕಣೇ. ಇದ್ದದ್ದು ಇದ್ದಂಗೆ ಬರಿ. ಮುಚ್ಚಿಡೋದು ಕಳ್ಳರ ಕೆಲಸ” ಎಂದೆ. ಆ ನಿಯಮ ಮೋಸದವರಿಗೆಂದೇ ತಿಳಿದಿದ್ದೆ, ಮಾರಾಟವೇ ಇಲ್ಲದ ಅವಳ ಆಟಕ್ಕೂ ಅದು ತಾಕೀತು ಎಂದು ಆಗ ಹೊಳೆಯಲಿಲ್ಲ.

ಅವಳು ಇದ್ದದ್ದನ್ನು ಇದ್ದ ಹಾಗೆ, ಅರ್ಧ ಪುಟ ಬರೆದಳು. ಅದರಲ್ಲಿ ಬ್ಲಾಕ್‌ಚೈನ್ ಎಂಬ ಪದ ಮೂರು ಸಲ ಇತ್ತು.

ಆ ಪದ ಹುಡುಕುವುದಕ್ಕೆಂದೇ ಆ ಕಾಲಂ ಇಟ್ಟಿದ್ದರು ಎಂಬುದು ನನಗೆ ತಿಳಿದದ್ದು ಹತ್ತು ದಿನದ ಮೇಲೆ. ಪದ ಸಿಕ್ಕಿದ ಆಟಗಳೆಲ್ಲ ತಾವಾಗಿಯೇ ನನ್ನ ಸರದಿಗೆ ಬರತೊಡಗಿದವು. ಮೋಸದವರು ಯಾರೂ ಆ ಜಾಗ ತುಂಬಿರಲಿಲ್ಲ. ತುಂಬಿದವರು ತಿಳಿಯದವರು, ನೆಟ್ಟಗಿದ್ದವರು. ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕೂತು ಮುಂದಿನ ಕಡತ ತೆರೆದರೆ ಪರದೆಯ ತುಂಬ ಕುರಿ ಕಿವಿಗಳು. ಬಲಗಿವಿಯ ತುದಿಯಲ್ಲಿ ಸೀಳು, ಎಡಗಿವಿಯಲ್ಲಿ ಅರ್ಧಚಂದ್ರ. ಕೆಳಗೆ ನಮ್ಮ ಹಟ್ಟಿಯ ಹೆಸರು.

ಪರಿಚಯದವರ ಕಡತ ಬಂದರೆ ಬೇರೆಯವರಿಗೆ ದಾಟಿಸಬೇಕು. ಅದಕ್ಕೊಂದು ಗುಂಡಿಯೇ ಇದೆ. ಒತ್ತಲಿಲ್ಲ. ಬೇರೆಯವರಿಗೆ ಹೋದರೆ ಎರಡು ನಿಮಿಷದಲ್ಲಿ ತೆಗೆದು ಬಿಸಾಡುತ್ತಾರೆ, ನಾನಾದರೆ ಸರಿಯಾಗಿ ಓದುತ್ತೇನೆ, ಏನಾದರೂ ದಾರಿ ಸಿಕ್ಕೀತು ಎಂದುಕೊಂಡೆ. ಅದು ಮರುಕವೂ ಹೌದು, ಜಂಬವೂ ಹೌದು. ಕಚೇರಿಯ ಎರಡು ಫೋನುಗಳಲ್ಲಿ ಆಟ ಹಾಕಿಕೊಂಡು ಇಡೀ ಮಧ್ಯಾಹ್ನ ಆಡಿದೆ. ಮಾರುವ ದಾರಿ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಬೆಲೆ ಎಲ್ಲಾದರೂ ಕಾಣುತ್ತದೆಯೇ ನೋಡಿದೆ, ಕಾಣಲಿಲ್ಲ. ಕೊನೆಗೆ ಒಂದು ಮರಿಯನ್ನು ಈ ಫೋನಿನಿಂದ ಆ ಫೋನಿಗೆ ಬಳುವಳಿ ಕೊಟ್ಟೆ. ಮರಿ ದಾಟಿತು. ಅತ್ತ ಹೋಗಿ ನಿಂತು ಒಂದು ಸಲ ಕೂಗಿತು.

ನಮ್ಮ ತಂಡದ ಮುಖ್ಯಸ್ಥರು ಹಿರಿಯೂರು ಕಡೆಯವರು, ಕೆಟ್ಟವರಲ್ಲ. ಹೆಸರು ಹೇಳದೆ ಅವರನ್ನು ಕೇಳಿದೆ. ಮಾರುವುದಿಲ್ಲ ಸರ್, ದುಡ್ಡಿನ ಮಾತೇ ಇಲ್ಲ, ಹಳೆಯ ಪದ್ಧತಿಯೊಂದನ್ನು ಉಳಿಸಿಕೊಳ್ಳುವ ಆಟ, ಇದಕ್ಕೂ ಆ ನಿಯಮ ಹಿಡಿಯುತ್ತದೆಯೇ ಎಂದು ಸುತ್ತಿ ಬಳಸಿ ಹೇಳಿದೆ. ಅವರು ತಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಒಬ್ರಿಂದ ಒಬ್ರಿಗೆ ದಾಟ್ತೈತೋ ಇಲ್ವೋ, ಅದು ಹೇಳಮ್ಮ.”

“ದಾಟ್ತೈತೆ ಸರ್.”

“ಮತ್ತೆ ನನ್ನ ಯಾಕೆ ಕೇಳ್ತೀಯ? ಆ ನಿಯಮ ನಂಗೆ ಬಿಡಿಸಿ ಹೇಳಿಕೊಟ್ಟೋಳೇ ನೀನು.”

ಹೋಗಿ ಕೂತೆ. ಇರಲಿ ಎಂದು ಬರೆದರೆ ಮೇಲಿನವರು ಮರುಪರಿಶೀಲನೆ ಮಾಡುತ್ತಾರೆ, ಪರಿಚಯ ಮುಚ್ಚಿಟ್ಟದ್ದು ಹೊರಬರುತ್ತದೆ, ಕೆಲಸ ಹೋಗುತ್ತದೆ. ಈಗ ದಾಟಿಸಿದರೆ ಇಡೀ ಮಧ್ಯಾಹ್ನ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳುತ್ತಾರೆ. ಇದೆಲ್ಲ ಯೋಚಿಸಿದ್ದು ನಿಜ. ಆದರೆ ಇಷ್ಟೇ ಅಲ್ಲ. ಈ ನಿಯಮದಲ್ಲಿ ನಾನು ಅದುವರೆಗೆ ಒಂದೂ ತಪ್ಪು ಮಾಡಿರಲಿಲ್ಲ. ತಪ್ಪು ಮಾಡದವಳು ಎಂಬ ಹೆಸರನ್ನು ಬಿಟ್ಟುಕೊಡಲು ಕೈ ಬರಲಿಲ್ಲ. ತೆಗೆದುಹಾಕಿ ಎಂದು ಒತ್ತಿದೆ. ಕಾರಣದ ಜಾಗದಲ್ಲಿ ನಿಯಮದ ಸಂಖ್ಯೆ ಬರೆದೆ. ಆಮೇಲೆ ಮುಂದಿನ ಕಡತ ತೆರೆದೆ, ಅದೇನಿತ್ತೋ ನೆನಪಿಲ್ಲ.

ಎರಡು ದಿನದ ಮೇಲೆ ಅವಳ ಫೋನ್ ಬಂತು. ಅಳುತ್ತಿರಲಿಲ್ಲ. ಏನೋ ತಪ್ಪು ತಿಳುವಳಿಕೆಯಾಗಿದೆ, ಮೇಲ್ಮನವಿಗೆ ಅವಕಾಶ ಇದೆಯಂತೆ, ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಒಂದು ಬರೆದುಕೊಡು ಎಂದಳು. ನಾನೇ ತೆಗೆದದ್ದೆಂದು ಆಗಲೇ ಹೇಳಬೇಕಿತ್ತು. ಹೇಳದೆ, ‘ಬಳುವಳಿ ಕೊಡೋದನ್ನ ತೆಗೆದು, ಆ ಬ್ಲಾಕ್‌ಚೈನ್ ಬಿಚ್ಚಿ ಹಾಕಿದರೆ ವಾಪಸ್ ಬರಬಹುದೇನೋ’ ಎಂದೆ. ಅದನ್ನು ಬಿಚ್ಚಿದರೆ ಗುರುತುಗಳು ತನ್ನ ಲ್ಯಾಪ್‌ಟಾಪಿನಲ್ಲಿ ಬಂದು ಕೂರುತ್ತವೆ, ಬೇಕೆಂದಾಗ ತಿದ್ದಬಹುದು, ಹಾಗಾಗುವುದಿಲ್ಲ ಎಂದೇ ತಾನೆ ಅವರೆಲ್ಲ ಕೊಟ್ಟದ್ದು ಎಂದಳು. ಕೊಟ್ಟ ಮಾತು ಮುರಿದು ಆಟ ಉಳಿಸಿಕೊಳ್ಳಲೇ ಎಂದು ಕೇಳಲಿಲ್ಲ. ಕೇಳಿದ ಹಾಗೆ ಇತ್ತು.

ಮೇಲ್ಮನವಿ ಬರೆದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಬರೆದಿಲ್ಲ. ಕಿವಿಗುರುತು ಎಂದರೇನು, ಬಳುವಳಿ ಎಂದರೇನು, ಅಜ್ಜ ಯಾಕೆ ಹೆದರಿದ, ದಾಖಲೆಯನ್ನು ಯಾಕೆ ಯಾರೂ ತಿದ್ದಬಾರದು, ಎಲ್ಲವನ್ನೂ ಎರಡು ಪುಟದಲ್ಲಿ ಬರೆದೆ. ಬರೆಯುವಾಗಲೇ ಗೊತ್ತಿತ್ತು. ಮೇಲ್ಮನವಿ ಓದುವವರು ಬೇರೆ ಊರಿನವರು, ಅವರ ಮುಂದೆಯೂ ಅದೇ ಒಂದು ಪ್ರಶ್ನೆ ಇರುತ್ತದೆ. ಆರನೇ ದಿನ ಉತ್ತರ ಬಂತು. ನಿಮ್ಮ ಮನವಿಯನ್ನು ಎಚ್ಚರಿಕೆಯಿಂದ ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಅವಳು ಅದನ್ನು ನನಗೆ ಕಳಿಸಿ, ‘ಎಚ್ಚರಿಕೆಯಿಂದ ಅಂದರೆ ಇನ್ನೂ ಯಾರಾದರೂ ನೋಡ್ತಾರಾ?’ ಎಂದು ಕೇಳಿದ್ದಳು. ಅದು ಗುಂಡಿ ಒತ್ತಿದರೆ ತಾನಾಗಿ ಹೋಗುವ ಸಾಲು. ಬೇರೆ ಊರಿನವರ ತೀರ್ಮಾನದ ಮೇಲೆ ನಮ್ಮಲ್ಲಿಗೆ ಬಂದ ಮನವಿಗಳಿಗೆ ಅದೇ ಸಾಲನ್ನು ನಾನೂ ಕಳಿಸಿದ್ದೇನೆ.

ಭಾನುವಾರ ಹಿರಿಯೂರಿನ ಬಸ್ಸು ಹತ್ತಿದೆ. ಐಮಂಗಲ ದಾಟುವವರೆಗೆ ಏನೇನೋ ಮಾತು ಜೋಡಿಸಿಕೊಂಡೆ. ಅವಳ ಮನೆ ಮುಟ್ಟಿದಾಗ ಒಂದೂ ಉಳಿದಿರಲಿಲ್ಲ. ಅವಳ ಅತ್ತೆ ‘ಬಾರಮ್ಮ, ಕುಂತ್ಕ’ ಎಂದು ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟು ಒಳಗೆ ಹೋದರು. ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ನನ್ನೆದುರು ಕೂತಳು. ಹೇಳಿದೆ. ಆ ಅಂಗಡಿಯ ಕೆಲಸವೇ ನನ್ನದು, ಕಡತ ನನಗೇ ಬಂದಿತ್ತು, ತೆಗೆದದ್ದು ನಾನೇ. ಆ ಕಾಲಂ ಖಾಲಿ ಬಿಟ್ಟಿದ್ದರೆ ಯಾರೂ ನೋಡುತ್ತಲೇ ಇರಲಿಲ್ಲ ಎಂಬುದನ್ನೂ ಹೇಳಿದೆ.

ಅವಳು ಮಂಡಕ್ಕಿಯಲ್ಲಿದ್ದ ಕಡಲೆಬೀಜಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

“ತೆಗೆದಿದ್ದಕ್ಕೆ ನಾನೇನೂ ಅನ್ನಲ್ಲ ಕಣೇ. ನಿನ್ ಕೆಲಸ ಅದು. ಕಾಲಂ ತುಂಬು ಅಂದಿದ್ದಕ್ಕೂ ಏನೂ ಅನ್ನಲ್ಲ, ನಂಗೂ ತುಂಬಬೇಕು ಅಂತಲೇ ಇತ್ತು” ಎಂದಳು. “ಆ ಅರ್ಜಿ ಬರೆದ್ಯಲ್ಲ, ಎರಡು ಪುಟ. ಆರು ದಿನ ನಾನು ಅದನ್ನೇ ಓದ್ಕೊಂಡು ಕುಂತಿದ್ದೆ. ಬರ್ತೈತೆ, ಇಷ್ಟು ಚೆನ್ನಾಗಿ ಬರೆದವ್ಳೆ, ಬಂದೇ ಬರ್ತೈತೆ ಅಂತ. ಆವಾಗ ನಿಂಗೆ ಗೊತ್ತಿತ್ತು.”

ಗೊತ್ತಿತ್ತು ಎಂದೆ.

ಅವಳು ಎದ್ದು ಒಳಗೆ ಹೋದಳು. ಒಂದು ಹಾಳೆ ತಂದಳು. ಹಟ್ಟಿಗಳ ಪಟ್ಟಿ, ಪಕ್ಕದಲ್ಲಿ ಫೋನ್ ನಂಬರು. ಗುರುತು ಕೊಟ್ಟವರಿಗೆಲ್ಲ ಇವತ್ತೇ ಹೇಳಬೇಕೆಂದು ಇಟ್ಟುಕೊಂಡಿದ್ದಳಂತೆ. ನನ್ನೆದುರೇ ಶುರು ಮಾಡಿದಳು. ಅಂಗಡಿಯಿಂದ ಆಟ ಹೋಗಿದೆ, ಈಗ ನಿಮ್ಮ ಫೋನಿನಲ್ಲಿರುವುದು ಇರುತ್ತದೆ, ಅಳಿಸಬೇಡಿ, ಫೋನ್ ಬದಲಾಯಿಸಿದರೆ ಮತ್ತೆ ಸಿಗುವುದಿಲ್ಲ. ಇದನ್ನೇ ಒಬ್ಬೊಬ್ಬರಿಗೂ ನಿಧಾನವಾಗಿ, ಅವರಿಗೆ ಅರ್ಥವಾಗುವವರೆಗೆ ಹೇಳಿದಳು. ನಮ್ಮ ಅಪ್ಪನಿಗೂ ಮಾಡಿದಳು. ಅಪ್ಪ ಅತ್ತ ಕಡೆಯಿಂದ ಏನು ಹೇಳಿದನೋ ಕೇಳಿಸಲಿಲ್ಲ. ಇಲ್ಲ, ನಿಮ್ಮ ಮಗಳು ಇಲ್ಲಿಗೆ ಬಂದಿಲ್ಲ ಎಂದು ಇವಳು ಹೇಳಿದ್ದು ಕೇಳಿಸಿತು.

ಮಾಡದಕೆರೆ ಕಡೆಯ ಅಜ್ಜನಿಗೆ ಮಾಡಿದಾಗ ಫೋನನ್ನು ಮೇಜಿನ ಮೇಲಿಟ್ಟು ಜೋರು ಮಾಡಿದಳು, ಅವನಿಗೆ ಕಿವಿ ಮಂದ. ಅಜ್ಜ ಎಲ್ಲ ಕೇಳಿಸಿಕೊಂಡು, ನೀನೇ ತಿದ್ದಾಕ್ ಆಗಲ್ಲ ಅಂದಿದ್ಯಲ್ಲಮ್ಮ, ಈಗ ಯಾರು ತೆಗೆದ್ರು ಎಂದ. ಅವಳು ಉತ್ತರ ಕೊಡುವ ಮೊದಲು ನನ್ನ ಕಡೆ ನೋಡಿದಳು. ಬಾಯಿ ಬಿಡಲು ನನಗೆ ಸಾಕಷ್ಟು ಹೊತ್ತು ಸಿಕ್ಕಿತು. ಬಿಡಲಿಲ್ಲ.

“ಕಂಪನಿಯೋರು ಅಜ್ಜ. ದೂರದೋರು. ನಿಮಗೆ ಗೊತ್ತಾಗಲ್ಲ” ಎಂದಳು.

ಅಜ್ಜ ಹೂಂ ಎಂದು, ಅವಳ ಮಾವನವರ ಆರೋಗ್ಯ ವಿಚಾರಿಸಿ ಫೋನ್ ಇಟ್ಟ. ಅವಳು ಅವನ ಹೆಸರಿನ ಮುಂದೆ ಗೆರೆ ಎಳೆದು ಮುಂದಿನ ನಂಬರು ಒತ್ತಿದಳು. ಪಟ್ಟಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಾನು ಎದ್ದು ಚೀಲ ಹಾಕಿಕೊಂಡೆ. ಅವಳು ಫೋನ್ ಕಿವಿಗಿಟ್ಟುಕೊಂಡೇ ತಲೆಯಾಡಿಸಿದಳು. ಅವಳ ಅತ್ತೆ ಹೊರಬಂದು, ಇಷ್ಟು ಬೇಗ ಹೊರಟೆಯಾ, ಊಟ ಮಾಡಿ ಹೋಗು ಎಂದರು. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದೆ.

ಆ ಮೇಲೆ ಅವಳಿಂದ ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ಕಚೇರಿಯಲ್ಲಿ ಅದೇ ಕುರ್ಚಿಯಲ್ಲಿದ್ದೇನೆ, ಬ್ಲಾಕ್‌ಚೈನ್ ಕಡತಗಳು ಈಗಲೂ ನನಗೇ ಬರುತ್ತವೆ. ಹೆಚ್ಚಿನವು ಮೋಸದವೇ, ತೆಗೆಯಲು ಎರಡು ನಿಮಿಷ ಸಾಕು. ಈಚೆಗೆ ನಾನು ಹಾಗೆ ತೆಗೆಯುತ್ತಿಲ್ಲ. ಪ್ರತಿಯೊಂದನ್ನೂ ಕೊನೆಯವರೆಗೆ ಆಡುತ್ತೇನೆ. ನಿನ್ನ ಕೆಲಸ ನಿಧಾನವಾಗುತ್ತಿದೆ ಎಂದು ಮುಖ್ಯಸ್ಥರು ಎರಡು ಸಲ ಹೇಳಿದರು. ಆಡಿದ ಮೇಲೂ ನಾನು ಒತ್ತುವುದು ಅದೇ ಗುಂಡಿ.